ಬಚ್ಚಲುಮನೆಯ ಚಮಚ

ಮೇಷ್ಟ್ರ ಹೆಂಡತಿಗೆ ಬಹಳ ವರ್ಷಗಳಿಂದ ಇದ್ದದ್ದು ಒಂದೇ ಆಸೆ. ಮೈಗೆ ಸೋಪು ಹಚ್ಚಿಕೊಂಡ ಮೇಲೆ ನೀರು ನಿಲ್ಲಬಾರದು. ಒಡವೆ ಬೇಡ, ಊರೂರು ಸುತ್ತುವುದು ಬೇಡ. ಇಷ್ಟು ಸಣ್ಣ ಆಸೆಯನ್ನು ಬಾಯಿಬಿಟ್ಟು ಹೇಳುವುದಕ್ಕೇ ಅವಳಿಗೆ ನಾಚಿಕೆ.

ಮನೆಗೆಲ್ಲ ನೀರು ಬರುತ್ತಿದ್ದುದು ತಾರಸಿಯ ಟ್ಯಾಂಕಿನಿಂದ ಇಳಿದ ಒಂದೇ ಒಂದು ಅರ್ಧ ಇಂಚಿನ ಕಬ್ಬಿಣದ ಪೈಪಿನಲ್ಲಿ. ಅದು ಮೊದಲು ಮಹಡಿಯ ಬಚ್ಚಲುಮನೆಗೆ ಕವಲೊಡೆದು, ಆಮೇಲೆ ಕೆಳಗಿನ ಅಡುಗೆಮನೆಗೆ, ಕೈತೊಳೆಯುವ ಬೇಸಿನ್ನಿಗೆ, ಬಟ್ಟೆ ಒಗೆಯುವ ಮೆಷಿನ್ನಿಗೆ ಹೋಗುತ್ತಿತ್ತು. ಕೆಳಗೆ ಯಾರಾದರೂ ನಲ್ಲಿ ತಿರುಗಿಸಿದರೆ ಸಾಕು, ಮೇಲಿನ ಶವರ್ ಒಮ್ಮೆ ಬಿಕ್ಕಿ, ನೆಗಡಿಯಾದ ಮೂಗಿನ ಹಾಗೆ ನಾಲ್ಕು ಹನಿ ಉದುರಿಸಿ ಸುಮ್ಮನಾಗುತ್ತಿತ್ತು. ಆಗ ಅವಳು ಕಣ್ಣು ಮುಚ್ಚಿಕೊಂಡೇ ಗೋಡೆ ತಡವಿ, ಪೈಪಿಗೆ ದಾರ ಕಟ್ಟಿ ತೂಗುಬಿಟ್ಟಿದ್ದ ಸ್ಟೀಲ್ ಚಮಚ ಹುಡುಕಿ ಮೂರು ಸಲ ಬಡಿಯುತ್ತಿದ್ದಳು. ಟಕ್, ಟಕ್, ಟಕ್. ಕೆಳಗೆ ಅತ್ತೆ "ಇವಳದ್ದು ಇನ್ನೂ ಮುಗಿದಿಲ್ಲ ನೋಡು" ಎಂದು ಗೊಣಗಿ ನಲ್ಲಿ ನಿಲ್ಲಿಸುತ್ತಿದ್ದರು. ಮಗಳು ಹುಟ್ಟಿ ಕಾಲೇಜು ಸೇರುವಷ್ಟು ಕಾಲ ಈ ತಂತಿ ಸಮಾಚಾರ ನಡೆದಿತ್ತು.

ಈಗ ಪೈಪು ತುಕ್ಕು ಹಿಡಿದು ಗೋಡೆಯೆಲ್ಲ ತೇವವಾಗಿ, ಒಡೆದು ಹೊಸದು ಹಾಕಲೇಬೇಕಾಗಿ ಬಂತು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಪ್ಲಂಬರ್ ಬಂದು ಮೊದಲು ಕೇಳಿದ್ದು, ಎಷ್ಟು ಇಂಚಿನದು ಹಾಕೋಣ ಎಂದು. ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಉದಾಹರಣೆಯಿಲ್ಲದೆ ಉತ್ತರ ಕೊಟ್ಟು ಅಭ್ಯಾಸವಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋಗಿ, ಗಿಡಕ್ಕೆ ನೀರು ಹಾಯಿಸುವ ರಬ್ಬರ್ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ತೋರಿಸಿದರು. ಬಾಯಿ ಸಣ್ಣದಾದಷ್ಟೂ ರಭಸ ಜಾಸ್ತಿ, ಹಾಗಾಗಿ ಅರ್ಧ ಇಂಚೇ ಸರಿ ಎಂಬುದು ಸಿದ್ಧಾಂತ. ಅದನ್ನು ಸಾಧಿಸುವಷ್ಟರಲ್ಲಿ ಪ್ಲಂಬರನ ಅಂಗಿ ಪೂರ್ತಿ ನೆನೆದಿತ್ತು.

ಆತ ಅಂಗಿಯ ತುದಿ ಹಿಂಡುತ್ತಾ ಹೇಳಿದ: "ರಭಸ ಇದೆ ಮೇಷ್ಟ್ರೇ, ಇಲ್ಲ ಅನ್ನಲ್ಲ. ಆದ್ರೆ ಬಕೆಟ್ ತುಂಬೋಕೆ ರಭಸ ಒಂದೇ ಸಾಲದು, ನೀರೂ ಬೇಕು. ಬೆಳಗಿನ ಹೊತ್ತು ಒಟ್ಟಿಗೆ ಎಷ್ಟು ನಲ್ಲಿ ಓಡ್ತವೆ? ಅದೊಂದು ಹೇಳಿ, ಗಾತ್ರ ನಾನು ಹೇಳ್ತೀನಿ."

"ಒಂದು," ಎಂದರು ಮೇಷ್ಟ್ರು. "ಇಷ್ಟು ವರ್ಷದಲ್ಲಿ ನಾನು ಸ್ನಾನ ಮಾಡ್ತಿರೋವಾಗ ಒಂದು ದಿನ ಅಂದ್ರೆ ಒಂದು ದಿನ ನೀರು ನಿಂತಿಲ್ಲ."

ಪ್ಲಂಬರ್ ಬಾಗಿಲಲ್ಲಿ ನಿಂತಿದ್ದ ಅವಳ ಮುಖ ನೋಡಿದ. ಅವಳು ನೆಲ ನೋಡಿದಳು.

ಮೇಷ್ಟ್ರು ಸುಳ್ಳು ಹೇಳಿರಲಿಲ್ಲ. ಅವಳ ಕಷ್ಟವಿದ್ದದ್ದೇ ಅಲ್ಲಿ. ಅವರು ಟವಲ್ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ ಕೂಡಲೇ ಅವಳು ಕೆಳಗೆ ಕರ್ಫ್ಯೂ ಹಾಕುತ್ತಿದ್ದಳು. ಅತ್ತೆ ಸೊಪ್ಪು ತೊಳೆಯುವಂತಿಲ್ಲ, ಮಗಳು ಹಲ್ಲುಜ್ಜುವಂತಿಲ್ಲ, ಮೆಷಿನ್ ಹಾಕುವಂತಿಲ್ಲ. ಯಾರೂ ಹೇಳಿ ಮಾಡಿಸಿದ್ದಲ್ಲ. ಮದುವೆಯಾದ ಹೊಸದರಲ್ಲಿ ಒಂದು ದಿನ ಮಾಡಿದ್ದು, ಹಾಗೇ ಮುಂದುವರಿದಿತ್ತು. ಆ ಚಮಚ ಸ್ನಾನದ ಪುಡಿ ತೆಗೆದುಕೊಳ್ಳುವುದಕ್ಕೆ ಎಂದು ಮೇಷ್ಟ್ರು ನಂಬಿದ್ದರು. ಒಳ್ಳೆಯ ವ್ಯವಸ್ಥೆ ಎಂದು ಒಮ್ಮೆ ಮೆಚ್ಚಿಕೊಂಡೂ ಇದ್ದರು. ಆ ಬಚ್ಚಲುಮನೆಯಲ್ಲಿ ಪುಡಿಯೇ ಇಲ್ಲ ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲ.

ಅರ್ಧ ಇಂಚು ಎಂದೇ ಗಟ್ಟಿಯಾಯಿತು. ಮರುದಿನ ಬೆಳಗ್ಗೆ ಪೈಪು ತರುತ್ತೇನೆಂದು ಪ್ಲಂಬರ್ ಹೋದ. ಊಟಕ್ಕೆ ಕೂತಾಗ ಅವಳು ಧೈರ್ಯ ಮಾಡಿ, ನನಗೆ ಮಾತ್ರ ದಿನಾ ನೀರು ನಿಲ್ಲುತ್ತದೆ ಎಂದಳು. ನೀನು ನಲ್ಲಿಯನ್ನು ಪೂರ್ತಿ ತಿರುಗಿಸುವುದಿಲ್ಲ ಎಂದು ಮೇಷ್ಟ್ರು ಕೈಯಲ್ಲೇ ತಿರುಗಿಸಿ ತೋರಿಸಿಕೊಟ್ಟರು. ಗಾರೆ ಮೆತ್ತಿ ಗೋಡೆ ಮುಚ್ಚಿದ ಮೇಲೆ ಇನ್ನೊಂದು ಇಪ್ಪತ್ತು ವರ್ಷ ಚಮಚವೇ ಗತಿ ಎಂದು ಅವಳಿಗೆ ಸ್ಪಷ್ಟವಾಯಿತು.

ಬೆಳಗ್ಗೆ ಮೇಷ್ಟ್ರು ಮೆಟ್ಟಿಲು ಹತ್ತಿದರು. ಅವಳು ಕಾಫಿ ಲೋಟ ಹಿಡಿದು ಹೊಸ್ತಿಲ ಮೇಲೆ ಕೂತಳು.

"ಸೊಪ್ಪು ಆಮೇಲೆ ತೊಳೀಲಾ?" ಅತ್ತೆ ಒಳಗಿನಿಂದ ಕೇಳಿದರು. "ಅವನು ಸ್ನಾನಕ್ಕೆ ಹೋದ ಹಾಗಿದೆ."

"ಈಗಲೇ ತೊಳೀರಿ ಅತ್ತೆ."

"ನಲ್ಲಿ ಬಿಟ್ಟು?"

"ನಲ್ಲಿ ಬಿಟ್ಟೇ."

ಅತ್ತೆ ಹೊರಗೆ ಬಂದು, ಜ್ವರ ಬಂದಿದೆಯೇನೋ ಎಂಬಂತೆ ಸೊಸೆಯ ಮುಖ ನೋಡಿ ಹೋದರು. ಮಗಳು ಬೇಸಿನ್ನಿಗೆ ಬಂದಳು. ಮೆಷಿನ್ ಆಗಲೇ ಗುಡುಗುಟ್ಟುತ್ತಿತ್ತು.

ಮೇಲೆ ಮೊದಲು ಶವರಿನ ಸದ್ದು ನಿಂತಿತು. ಆಮೇಲೆ ಒಂದು ಕೆಮ್ಮು. ಆಮೇಲೆ "ಏ, ಇವಳೇ" ಎಂಬ ಕೂಗು. ಅವಳ ಕಾಲುಗಳು ತಾವಾಗಿಯೇ ಎದ್ದು ನಿಲ್ಲಲು ಹೊರಟವು. ಸುಮ್ಮನೆ ಕೂತಿರುವುದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಸ್ವಲ್ಪ ಹೊತ್ತಾಯಿತು. ಟಕ್. ಮತ್ತೆ ಟಕ್ ಟಕ್. ಬಳಿಕ ಲೆಕ್ಕವಿಲ್ಲದಷ್ಟು ಟಕ್.

"ಇವಳದ್ದು ಇನ್ನೂ ಮುಗಿದಿಲ್ಲ ನೋಡು," ಎಂದು ಗೊಣಗುತ್ತಾ ಅತ್ತೆ ನಲ್ಲಿಗೆ ಕೈ ಹಾಕಿದವರು, ಹೊಸ್ತಿಲ ಮೇಲೆ ಕಾಫಿ ಕುಡಿಯುತ್ತಿದ್ದ ಸೊಸೆಯನ್ನು ಕಂಡು ಹಾಗೇ ನಿಂತರು. "ನೀನು ಇಲ್ಲಿದ್ದೀಯಲ್ಲೇ!"

ಪ್ಲಂಬರ್ ಅರ್ಧ ಇಂಚಿನ ಪೈಪಿನ ಕಟ್ಟು ಹೊತ್ತು ಒಳಗೆ ಬರುವುದಕ್ಕೂ ಮೇಷ್ಟ್ರು ಮೆಟ್ಟಿಲ ತುದಿಯಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಸೊಂಟಕ್ಕೆ ಟವಲ್, ತಲೆಯಿಂದ ಕಿವಿಯವರೆಗೆ ನೊರೆ, ಒಂದು ಕಣ್ಣು ಮುಚ್ಚಿದೆ, ಕೈಯಲ್ಲಿ ದಾರ ಕಿತ್ತುಬಂದ ಚಮಚ.

"ಎಷ್ಟು ನಲ್ಲಿ ಓಡ್ತಿವೆ?" ಆ ಸ್ಥಿತಿಯಲ್ಲೂ ಅವರು ಕೇಳಿದ್ದು ಲೆಕ್ಕವನ್ನೇ.

ಪ್ಲಂಬರ್ ಒಳಗೆ ಇಣುಕಿ ಬೆರಳು ಮಡಿಸಿದ. "ಮೂರು, ಮೇಷ್ಟ್ರೇ. ನಿಮ್ಮದು ಸೇರಿಸಿದ್ರೆ ನಾಲ್ಕು. ಆದ್ರೆ ನಿಮ್ಮದು ಓಡ್ತಿಲ್ಲ."

ಮೇಷ್ಟ್ರು ತೆರೆದಿದ್ದ ಕಣ್ಣಿನಲ್ಲಿ ಚಮಚ ನೋಡಿದರು. ಪೈಪಿಗೆ ಬಡಿದೂ ಬಡಿದೂ ಅದರ ತುದಿ ಚಪ್ಪಟೆಯಾಗಿತ್ತು. ಅಷ್ಟನ್ನು ಅವರೊಬ್ಬರೇ ಒಂದು ಬೆಳಗಿನಲ್ಲಿ ಮಾಡಿರಲು ಸಾಧ್ಯವಿರಲಿಲ್ಲ.

"ಇದು ಪುಡಿಗಲ್ವಾ?"

"ಅಲ್ಲ ರೀ."

"ಎಷ್ಟು ವರ್ಷದಿಂದ?"

"ಮಗಳಿಗೆ ಎಷ್ಟು ವಯಸ್ಸೋ ಅದಕ್ಕಿಂತ ಒಂದು ಜಾಸ್ತಿ."

ಲೆಕ್ಕದ ಮೇಷ್ಟ್ರಾದರೂ ಅದನ್ನು ಕೂಡಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗಲ್ಲದಿಂದ ನೊರೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ಪೈಪಿನ ಕಟ್ಟನ್ನು ವಾಪಸ್ ಒಯ್ಯಲು ಪ್ಲಂಬರನಿಗೆ ಸನ್ನೆ ಮಾಡಿದರು. ಟ್ಯಾಂಕಿನಿಂದ ಒಂದೂಕಾಲು ಇಂಚು ಇಳಿಸುವುದು, ಬಚ್ಚಲುಮನೆಗೆ ಬೇರೆಯದೇ ಮುಕ್ಕಾಲು ಇಂಚು ಕೊಡುವುದು ಎಂದು ಆತ ವಿವರಿಸಿದ.

"ಅರ್ಧ ಇಂಚು ಎಲ್ಲೂ ಬರಲ್ವಾ?" ಮೇಷ್ಟ್ರ ದನಿ ಸಣ್ಣದಾಗಿತ್ತು.

"ಯಾಕಿಲ್ಲ? ಕೊನೇಲಿ ಒಂದೊಂದು ನಲ್ಲಿಗೂ ಒಂದೊಂದು ಗೇಣು ಅದನ್ನೇ ಹಾಕೋದು. ನಿಮ್ಮ ಮಾತೂ ಉಳೀತು."

ವಾರ ಕಳೆದು ಗೋಡೆ ಮುಚ್ಚಿತು. ಮೊದಲ ಸ್ನಾನ ಅವಳದೇ ಆಗಬೇಕೆಂದು ಮೇಷ್ಟ್ರು ಪಟ್ಟು ಹಿಡಿದರು. ಅವಳು ಹಳೆಯ ಅಭ್ಯಾಸದಂತೆ ಒಂದು ತೋಳಿಗೆ ಸೋಪು ಹಚ್ಚಿ ತೊಳೆದಳು, ಇನ್ನೊಂದಕ್ಕೆ ಹಚ್ಚಿ ತೊಳೆದಳು. ಆಮೇಲೆ ತನ್ನ ಕಂತಿನ ಸ್ನಾನಕ್ಕೆ ತಾನೇ ನಕ್ಕು, ಮುಖಕ್ಕೆ, ತಲೆಗೆ, ಮೈಗೆಲ್ಲ ಒಟ್ಟಿಗೆ ನೊರೆ ಮಾಡಿಕೊಂಡು ಕಣ್ಣು ಮುಚ್ಚಿ ಕಾದಳು. ಕೆಳಗೆ ಗಂಡ ಒಂದೊಂದೇ ನಲ್ಲಿ ಬಿಡುತ್ತಾ ಎಣಿಸುವುದು ಕೇಳಿಸಿತು. ಒಂದು. ಎರಡು. ಮೂರು. ಹೆಗಲ ಮೇಲೆ ಬೀಳುತ್ತಿದ್ದ ನೀರು ಬಿಕ್ಕಲಿಲ್ಲ.

ಹೊಸ ಪೈಪು ಪ್ಲಾಸ್ಟಿಕ್ಕಿನದು, ಚಮಚದ ಸುದ್ದಿ ಹೊರುವುದಿಲ್ಲ. ಮೇಷ್ಟ್ರು ಮೆಟ್ಟಿಲು ಹತ್ತಿ ಬಂದು ಬಾಗಿಲಿಗೇ ಚಮಚದಿಂದ ಮೂರು ಸಲ ಬಡಿದರು.

"ಬರ್ತಿದೆಯಾ?"

ಬರುತ್ತಿತ್ತು. ಅವಳು ಮುಖವನ್ನು ನೀರಿಗೆ ಒಡ್ಡಿ ಹಾಗೇ ನಿಂತಳು. ಉತ್ತರ ಹೇಳಲು ಅವಳಿಗೆ ಯಾವ ಅವಸರವೂ ಇರಲಿಲ್ಲ.