ಬನ್ನಣ್ಣನ ಕಿರುಬೆರಳಿನ ಉಂಗುರ

ಬೀದಿಗೆಲ್ಲ ಬನ್ನಣ್ಣ ಎಂದೇ ಗೊತ್ತಿದ್ದ ಬೇಕರಿಯವನು ಸತ್ತ ಹೆಂಡತಿಯ ವಜ್ರದುಂಗುರವನ್ನು ಕಿರುಬೆರಳಿಗೆ ಸಿಕ್ಕಿಸಿಕೊಂಡು ತಿರುಗುತ್ತಾನೆಂದು ಜನ ನಗುತ್ತಿದ್ದರು. ನಗಲಿ ಬಿಡಿ, ಊರ ಬಾಯಿಗೆ ಬೀಗ ಹಾಕುವುದಕ್ಕಾಗುತ್ತದೆಯೇ? ಅವಳು ಹೋದ ಮೇಲೆ ಹಿಟ್ಟು ನಾದುವ ಕೆಲಸವೂ ಅವನ ತಲೆಗೇ ಬಂದಿತ್ತು. ನಾದುವಾಗಲೂ ಉಂಗುರ ಕಳಚಿಡಲು ಮನಸ್ಸು ಬರುತ್ತಿರಲಿಲ್ಲ. ಈಗ ಹರಳು ಅಲುಗಾಡತೊಡಗಿ, ಎಲ್ಲಿ ಹಿಟ್ಟಿನೊಳಗೆ ಕಳೆದುಹೋಗುತ್ತದೋ ಎಂದು ಜೀವ ಬಾಯಿಗೆ ಬಂದಿತ್ತು.

ಸರಿಮಾಡಿಸಲು ಉಂಗುರ ತಂದುಕೊಟ್ಟ ಅಂಗಡಿಯ ಅಕ್ಕಸಾಲಿಗ ಬಲು ಮಾತುಗಾರ. ಗಾಜಿನ ಹರಳು ಕೂರಿಸಿದ ಮಾದರಿ ಉಂಗುರಗಳನ್ನು ಬಟ್ಟೆಯ ಮೇಲೆ ಹರಡಿದ.

"ನೋಡಣ್ಣ, ನಿಮ್ಮ ಹರಳನ್ನ ನಾಲ್ಕು ಚಿನ್ನದ ಉಗುರು ಹಿಡಿದಿವೆ. ಎರಡು ಸವೆದೇ ಹೋಗಿವೆ. ಆರು ಉಗುರು ಹಾಕಿದ್ರೆ ಹೊಳಪೇನೋ ಚೆನ್ನಾಗಿರುತ್ತೆ, ಆದ್ರೆ ಹಿಟ್ಟು ಸಿಕ್ಕಿಕೊಳ್ಳುತ್ತೆ. ಸುತ್ತಲೂ ಅಂಚು ಕಟ್ಟಿದ್ರೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಅಡಿ ಮಾತ್ರ ತೆರೆದಿಡೋಣ, ಬೆಳಕು ಬರಬೇಕಲ್ಲ."

"ಅಂಚೇ ಕಟ್ಟಪ್ಪ."

"ಅಷ್ಟಕ್ಕೂ ಕೆಲಸಕ್ಕೆ ಹೋಗೋವಾಗ ಮನೇಲಿ ಬಿಚ್ಚಿಟ್ಟು ಹೋದ್ರೆ ಈ ತಾಪತ್ರಯಾನೇ ಇರಲ್ಲ."

"ಮನೇಲಿ ಯಾರಿದಾರೆ? ಬೀಗ ತೆಗೆದು ಒಳಗೆ ಹೋದ್ರೆ ನನ್ನ ಕೆಮ್ಮೇ ನನಗೆ ಕೇಳೋದು. ಅಲ್ಲಿ ಇದನ್ನೊಂದನ್ನೇ ಬಿಟ್ಟು ಬರಲಾ?"

ಹೇಳಿದ ಮೇಲೆ ನಾಚಿಕೆಯಾಯಿತು. ವಜ್ರಕ್ಕೆಲ್ಲಿಯ ಒಂಟಿತನ? ಒಂಟಿಯಾಗಿದ್ದವನು ಅವನೇ. ಬ್ರೆಡ್ಡಿನ ತುದಿಯ ಗರಿಗರಿ ತುಂಡಿಗೆ ದಿನಾ ಜಗಳವಾಡುತ್ತಿದ್ದ ಇಬ್ಬರಲ್ಲಿ ಒಬ್ಬನೇ ಉಳಿದಿದ್ದ. ಈಗ ಆ ತುಂಡು ತಟ್ಟೆಯಲ್ಲೇ ಒಣಗುತ್ತಿತ್ತು.

ಅಕ್ಕಸಾಲಿಗ ಭೂತಗನ್ನಡಿಯನ್ನು ಕಣ್ಣಿಗೇರಿಸಿ, ಉಗುರುಗಳನ್ನು ಮೆಲ್ಲಗೆ ಎತ್ತಿ ಹರಳನ್ನು ಬಿಡಿಸಿದ. ಅದರಡಿಯ ಗುಳಿಯಲ್ಲಿ ಏನೋ ಗಟ್ಟಿಯಾಗಿ ಅಂಟಿತ್ತು.

"ಅಯ್ಯಯ್ಯೋ, ಒಣಗಿದ ಹಿಟ್ಟು ಅಣ್ಣ! ಮೇಲಿಂದು ಈಚೀಚಿಂದು, ತಳದ್ದು ಮಾತ್ರ ಕಲ್ಲಾಗಿದೆ. ಎಷ್ಟು ವರ್ಷದ್ದೋ ಏನೋ," ಎನ್ನುತ್ತ ಬ್ರಶ್ಶಿಗೆ ಕೈ ಹಾಕಿದ.

ಬನ್ನಣ್ಣ ಗಪ್ಪನೆ ಅವನ ಕೈ ಹಿಡಿದುಕೊಂಡ. ನಾದುವಾಗ ಉಂಗುರ ತೆಗೆಯೇ ಎಂದು ಅವಳಿಗೆ ಎಷ್ಟು ಬೈದಿದ್ದ! ಗಿರಾಕಿಯ ಹಲ್ಲು ಮುರಿದರೆ ನೀನೇ ಕಟ್ಟಿಸಿಕೊಡು ಎಂದು ರೇಗಿಸಿದ್ದ. ಅವಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು. ಸದ್ಯ, ಮಾತು ಕೇಳಲಿಲ್ಲ. ಅವಳ ಸೀರೆಗಳನ್ನು ತಂಗಿಯರು ಒಯ್ದಿದ್ದರು. ಅವಳು ಮಾಡಿಟ್ಟ ಕೊನೆಯ ಬಿಸ್ಕತ್ತುಗಳು ಅಂಗಡಿಗೆ ಬಂದವರ ಹೊಟ್ಟೆ ಸೇರಿದ್ದವು. ಅವಳ ಕೈಯಿಂದಾದದ್ದು ಎಂದು ಲೋಕದಲ್ಲಿ ಉಳಿದಿದ್ದು ಇಷ್ಟೇ ಇಷ್ಟು.

"ತೊಳೀಬೇಡಪ್ಪ. ತಳದ್ದು ಅವಳು ನಾದಿದ್ದು."

ಅಕ್ಕಸಾಲಿಗ ಬ್ರಶ್ಶನ್ನು ಬದಿಗೆ ಸರಿಸಿದ. "ಇದು ಒಳಗೇ ಇದ್ರೆ ವಜ್ರ ಹೊಳೆಯಲ್ಲ ಅಣ್ಣ," ಎಂದ.

"ಹೊಳೆಯೋದು ಬೇಡ. ಅಡಿ ಮುಚ್ಚಿ ಪುಟ್ಟ ಬಟ್ಟಲು ಮಾಡು. ಇದನ್ನ ಒಳಗಿಟ್ಟು, ಮೇಲೆ ವಜ್ರದ ಮುಚ್ಚಳ ಹಾಕಿಬಿಡು."