ಗಂಗವ್ವನ ಐದನೇ ಕಲ್ಲು

ನನಗೆ ಹುಚ್ಚು ಹಿಡಿದಿದೆ ಎಂದು ಅರವತ್ತೊಂದನೇ ಇಸವಿಯ ಆ ಬೇಸಿಗೆಯಲ್ಲಿ ನಮ್ಮೂರು ಮಸೂತಿಗೆಲ್ಲ ಗೊತ್ತಾಗಿತ್ತು. ನಾನೂ ಅಲ್ಲವೆನ್ನುತ್ತಿರಲಿಲ್ಲ. ವಿಜಾಪುರದ ಕಾಲೇಜಿನ ಗಾಜಿನ ಕಪಾಟಿನಲ್ಲಿ ಒಂದು ಹಸಿರು ಹರಳುಗಲ್ಲು ನೋಡಿದಾಗಿನಿಂದ ನನ್ನ ತಲೆ ನೆಟ್ಟಗಿರಲಿಲ್ಲ. ಅಪೊಫಿಲೈಟ್ ಎಂದು ಅದರ ಹೆಸರು. ಬಿಳಿಯದು ಬೇಕಾದಷ್ಟು ಸಿಗುತ್ತದೆ, ಹಸಿರು ಬಣ್ಣದ್ದು ಅಪರೂಪ. ಕಲ್ಲು ಕೂಡಿಡುವವರು ಅದಕ್ಕಾಗಿ ಜೀವ ಬಿಡುತ್ತಾರೆ. ಪುಣೆಯ ಕಡೆ ಕರಿಕಲ್ಲಿನ ಬಾವಿ ತೋಡುವಾಗ ಸಿಕ್ಕಿತ್ತಂತೆ. ಕರಿಕಲ್ಲಿಗೆ ನಮ್ಮಲ್ಲೇನು ಬರವೇ? ನಮ್ಮ ಹೊಲದಲ್ಲೂ ಆಗ ಬಾವಿ ತೋಡುತ್ತಿದ್ದರು.

ಕಲ್ಲಿನ ಶಾಸ್ತ್ರ ಓದಲು ಧಾರವಾಡಕ್ಕೆ ಹೋಗುತ್ತೇನೆಂದು ನಾನು ಹಟ ಹಿಡಿದಿದ್ದೆ. ಕಲ್ಲು ನೋಡಲು ಅಷ್ಟು ದೂರ ಯಾಕೆ, ಹಿತ್ತಲಲ್ಲೇ ಬಿದ್ದಿವೆಯಲ್ಲ ಎಂದು ನಮ್ಮ ಅಬ್ಬಾ ಯಾಕೂಬಸಾಬರ ವಾದ. ಕೊನೆಗೆ ಒಂದು ಷರತ್ತಾಯಿತು. ಬಾವಿಗೆ ನೀರು ಬಿದ್ದು ನೀರಿನ ದೇವಿ ಗಂಗವ್ವನ ಪೂಜೆ ಮುಗಿಯುವುದರೊಳಗೆ ಆ ಹಸಿರು ಕಲ್ಲನ್ನು ನಮ್ಮ ಬಾವಿಯಿಂದಲೇ ತೋರಿಸಿದರೆ ಧಾರವಾಡ. ಇಲ್ಲದಿದ್ದರೆ ಇಂಡಿ ಊರಿನ ವರನ ಮನೆಯವರಿಗೆ ಹೂಂ ಅನ್ನುವುದು. ವರ ಒಳ್ಳೆಯವನೇ ಇರಬಹುದು. ನಾನು ವಿಚಾರಿಸಲೂ ಇಲ್ಲ.

ಮದ್ದು ಹಾರಿಸಿ ಒಡೆದ ಕಲ್ಲು ಬುಟ್ಟಿ ಬುಟ್ಟಿ ಮೇಲೆ ಬರುತ್ತಿತ್ತು. ನಾನು ಆ ಗುಡ್ಡೆಯ ಮೇಲೆ ಮೇಕೆಯ ಹಾಗೆ ಹತ್ತಿ ಇಳಿದೆ. ಬಿಳಿ ಹರಳು ಮಡಿಲು ತುಂಬಾ ಸಿಕ್ಕಿತು. ಹಸಿರು ಕಂಡು ಊರು ಕೇಳುವಂತೆ ಕೂಗಿದರೆ ಒಮ್ಮೆ ಅದು ಶೀಸೆಯ ಚೂರು, ಇನ್ನೊಮ್ಮೆ ಪಾಚಿ. ಅಬ್ಬಾ ನಕ್ಕು ನಕ್ಕು ಟೊಪ್ಪಿಗೆ ಬೀಳಿಸಿಕೊಂಡರು. ನನಗೆ ಸಿಟ್ಟು ಬಂದು, ಬೇವಿನ ಮರದಡಿ ಗಂಗವ್ವನ ಕಲ್ಲುಗಳ ಪಕ್ಕ ಕುಳಿತು ರೊಟ್ಟಿ ತಿಂದೆ. ದಿನವೂ ಅಲ್ಲೇ ನನ್ನ ಊಟ.

ಆ ಐದು ಕಲ್ಲುಗಳನ್ನು ಇಟ್ಟವಳು ಚಂದವ್ವ. ಪಕ್ಕದ ಹೊಲದವಳು, ಬಾವಿಯಲ್ಲಿ ಅರ್ಧ ಪಾಲು ಅವಳದು. ಗಂಗವ್ವನ ಕಲ್ಲು ಅದೇ ಬಾವಿಯದಾಗಿರಬೇಕೆಂದು, ಮೊದಲು ಮೇಲೆ ಬಂದ ಕಲ್ಲಿನಲ್ಲಿ ಐದನ್ನು ಕೆಸರು ಸಮೇತ ಆರಿಸಿ, ಮೇಲೆ ಸುಣ್ಣ ಬಳಿದು ಸಾಲಾಗಿ ಕೂರಿಸಿದ್ದಳು. ಪೂಜೆ ಮುಗಿದ ಮೇಲೆ ಅವು ಬಾವಿಯ ನೀರಿಗೆ.

ನೀರು ಬಿತ್ತು. ಊರೆಲ್ಲ ಕುಣಿಯಿತು, ನಾನೊಬ್ಬಳು ಅತ್ತೆ.

ಪೂಜೆಯ ದಿನ ನನ್ನ ಅವ್ವ ಪೀರಬಿ ಬೆಲ್ಲದ ಸಿಹಿ ಮಾಲದಿ ಮಾಡಿ ತಂದಳು. ಚಂದವ್ವ ಹಸಿರು ಬಳೆ, ಕುಪ್ಪಸದ ಖಣ ಇಟ್ಟಳು. ಆಮೇಲೆ ಹೊಸ ನೀರಿನ ಮೊದಲ ಕೊಡ ಎತ್ತಿ ಕಲ್ಲುಗಳ ಮೇಲೆ ಸುರಿದು ಕೈಯಿಂದ ಉಜ್ಜಿದಳು. ನಾಲ್ಕು ಕಲ್ಲು ಬೆಳ್ಳಗೇ ಉಳಿದವು. ಐದನೆಯದರ ನುಣ್ಣನೆಯ ಮೈಗೆ ಸುಣ್ಣ ಗಟ್ಟಿಯಾಗಿ ಹಿಡಿದಿರಲಿಲ್ಲ. ಸುಣ್ಣ ಜಾರಿತು, ಕೆಸರೂ ಜಾರಿತು, ಒಳಗಿನಿಂದ ತಿಳಿ ಹಸಿರು ಫಳಕ್ಕೆಂದಿತು.

ನಾನು ಜಿಗಿದೆ. ಅಬ್ಬಾ ತಡೆದು, ಅದು ಒಡೆದ ಬಳೆಯ ಚೂರು, ಮತ್ತೆ ಮರ್ಯಾದೆ ಕಳೆಯಬೇಡ ಎಂದು ಗದರಿದರು. ನಾನು ನನ್ನ ಕೈಯ ಗಾಜಿನ ಬಳೆಯನ್ನೇ ಒಡೆದು, ಅದರ ಮೊನೆಯಿಂದ ಹರಳಿನ ಅಂಚನ್ನು ಗೀರಿದೆ. ಗಾಜಾದರೆ ಬಳೆಯಷ್ಟೇ ಗಟ್ಟಿ, ಗೀರು ಏಳಬಾರದು. ಬೆಣಚುಕಲ್ಲಾದರೆ ಅದು ತಾನೇ ಬಳೆಯನ್ನು ಗೀರುತ್ತದೆ. ನನ್ನ ಕಲ್ಲು ಇವೆರಡಕ್ಕಿಂತ ಮೆದು. ಗೀರು ಎದ್ದಿತು! ಚೌಕನೆಯ ಹರಳು, ಅದರ ನೆತ್ತಿಯ ಮೇಲೆ ಮುತ್ತಿನ ಹೊಳಪು. ಕಪಾಟಿನಲ್ಲಿದ್ದುದೇ ನನ್ನೆದುರು ಗಂಗವ್ವನಾಗಿ ಕುಳಿತಿತ್ತು. ಇಷ್ಟು ದಿನ ಅದರ ಪಕ್ಕದಲ್ಲೇ ಕುಳಿತು ರೊಟ್ಟಿ ತಿಂದಿದ್ದೆನಲ್ಲ ಎಂದು ನಗು ಬಂತು, ನಿಲ್ಲಿಸಲಾಗಲಿಲ್ಲ.

ಅಬ್ಬಾ ತಾವೂ ಗೀರಿ ನೋಡಿದರು. ನಂತರ ಗಡ್ಡ ನೀವುತ್ತಾ ಹೊಸ ತಕರಾರು ತೆಗೆದರು.

"ಕಲ್ಲು ಖರೇ ಐತಿ. ಆದ್ರ ಹುಡಿಕಿದಾಕಿ ನೀ ಅಲ್ಲ, ಚಂದವ್ವ. ಷರತ್ತಿನ ಪ್ರಕಾರ ಧಾರವಾಡಕ್ಕ ಆಕೀನ ಹೋಗಬೇಕು."

ಎಲ್ಲರೂ ನಕ್ಕರು. ನನ್ನ ನಗು ಅಲ್ಲೇ ನಿಂತಿತು. ಕಲ್ಲು ಚಂದವ್ವನ ಕೈಯಲ್ಲಿತ್ತು, ಬಾವಿ ಎರಡು ಮಾರು ದೂರ.

ಚಂದವ್ವ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಯಾಕೂಬಣ್ಣಾ, ದಿನಾ ಇದಕ್ಕ ಕೈ ಮುಗದೇನಿ, ಇದು ಏನಂತ ನನಗ ಗೊತ್ತಾಗಲಿಲ್ಲ. ಕಂಡಾಕಿ ನಾ, ಗುರ್ತ ಹಿಡದಾಕಿ ಇಕಿ. ಗುರ್ತ ಹಿಡಿಯೂದು ಕಲಿಯಾಕ ಅಲ್ಲೇನು ಇಕಿ ಹೊಂಟಿದ್ದು?"



ಗಂಗವ್ವನಿಗೆ ಐದು ತಪ್ಪಬಾರದು, ಬದಲಿ ಕಲ್ಲು ತಾ ಎಂದಳು ಚಂದವ್ವ. ನಾನು ಓಡಿಹೋಗಿ ನನ್ನ ಬಿಳಿ ಹರಳುಗಳಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ತಂದೆ. ಅದಕ್ಕೆ ಕುಂಕುಮ ಹಚ್ಚಿ ಸಾಲಿಗೆ ಸೇರಿಸಿದಳು. ಹಸಿರು ಕಲ್ಲನ್ನು ನನ್ನ ಸೆರಗಿಗೆ ಹಾಕಿದಳು.

ಅಬ್ಬಾ ನನ್ನ ಕಡೆ ನೋಡಲೇ ಇಲ್ಲ. ಅವ್ವನಿಗೆ ಹೇಳಿದರು:

"ಅಟ್ಟದ ಮ್ಯಾಲಿನ ಟ್ರಂಕಿಗೆ ಬೀಗ ಐತೇನು ನೋಡು. ಧಾರವಾಡದಾಗ ಕಳ್ಳರು ಭಾಳ ಅಂತ."