ಶುಕ್ರನ ಗಡಿಗೆಯ ಬತ್ತ

ಕಾಗದ ಎಂದರೆ ಉಪ್ಪಿನಕೇರಿಯವರಿಗೆ ಎದೆ ಝಲ್ಲೆನ್ನುತ್ತಿತ್ತು. ಸುಮ್ಮನೆ ಅಲ್ಲ ಮತ್ತೆ. ಅವರ ಅಜ್ಜಂದಿರು ಅಘನಾಶಿನಿಯ ಉಪ್ಪುನೀರಿಗೆ ಒಡ್ಡು ಕಟ್ಟಿ, ಸೊಂಟದ ತನಕ ಕೆಸರು ತುಳಿದು ಗದ್ದೆ ಮಾಡಿದವರು. ಆಮೇಲೆ ಎಂತದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಅದೇ ಗದ್ದೆಗೆ ಗೇಣಿದಾರರಾಗಿ ಕೂತವರು. ಹಾಗಾಗಿ ಪಂಚಾಯ್ತಿ ಚುನಾವಣೆ ಬಂತು, ಎಲ್ಲರೂ ಚೀಟಿಗೆ ಮುದ್ರೆ ಒತ್ತಬೇಕು ಎಂದು ತ್ರ್ಯಂಬಕ ಮಾಸ್ತರು ಶಾಲೆಯ ಅಂಗಳದಲ್ಲಿ ಪಾಠ ಶುರುಮಾಡಿದಾಗ ಜನ ಒಬ್ಬೊಬ್ಬರಾಗಿ ಎದ್ದು ಮೈ ಕೊಡವಿಕೊಂಡು ಹೊರಟೇಬಿಟ್ಟರು. ಚಾಪೆಯ ಮೇಲೆ ಉಳಿದವಳು ಲಕ್ಕಿ ಒಬ್ಬಳೇ.

ಲಕ್ಕಿಯ ಗಂಡ ಶುಕ್ರ ಕೇರಿಯ ಜಂತ್ರಡಿ ಕಾಯುವವನು. ಒಡ್ಡಿನ ನಡುವೆ ಇರುವ ಹಲಗೆಬಾಗಿಲು ಅದು; ಭರತಕ್ಕೆ ಮುಚ್ಚಬೇಕು, ಇಳಿತಕ್ಕೆ ತೆಗೆಯಬೇಕು. ಒಂದು ಸಲ ಮರೆತರೆ ಇಡೀ ಕೇರಿಯ ಬೆಳೆ ಉಪ್ಪು ಕುಡಿದು ಸತ್ತಂತೆ. ಶುಕ್ರ ಮರೆತವನಲ್ಲ. ಮಾತು ಕಡಿಮೆ, ಕೆಲಸ ಗಟ್ಟಿ. ಮಾತಿನ ಪಾಲನ್ನೆಲ್ಲ ದೇವರು ಲಕ್ಕಿಗೇ ಕೊಟ್ಟಿದ್ದ, ತುಸು ಹೆಚ್ಚೇ ಕೊಟ್ಟಿದ್ದ.

ಇನ್ನು ಮಾಸ್ತರು. ಒಳ್ಳೆಯ ಮನುಷ್ಯ, ಒಳ್ಳೆಯತನ ಮೈಮೇಲೆ ಬಂದಂಥ ಮನುಷ್ಯ ಅನ್ನಿ. ಜರ್ಮನಿಯ ಯಾವುದೋ ಪ್ರತಿಷ್ಠಾನದವರು ಹೊನ್ನಾವರದಲ್ಲಿ ನಡೆಸಿದ ಪೌರಶಿಕ್ಷಣದ ಶಿಬಿರಕ್ಕೆ ಹೋಗಿ ಬಂದ ಮೇಲಂತೂ ಅವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಲ್ಲಿ ಹರ್ಮನ್ ಎಂಬ ಸಾಹೇಬ ಹೇಳಿದ್ದನ್ನು ಅವರು ಕೇರಿಗೆಲ್ಲ ಹೇಳಿಕೊಂಡು ತಿರುಗಿದರು. ‘ನಾನು ಹುಡುಗನಿದ್ದಾಗ ನಮ್ಮೂರಲ್ಲೂ ಮತ ಹಾಕ್ತಿದ್ದರು. ಪರದೆಯೂ ಇತ್ತು. ಆದರೆ ಪರದೆಯ ಹಿಂದೆ ಯಾರು ಹೋದರು ಅಂತ ಬಾಗಿಲಲ್ಲಿ ನಿಂತವರು ಗುರುತಿಟ್ಟುಕೊಳ್ತಿದ್ದರು. ನನ್ನ ಅಪ್ಪ ಪರದೆಯ ಹಿಂದೆ ಹೋಗಲೇ ಇಲ್ಲ. ಎಲ್ಲರೆದುರೇ ಹಾಕಿ ಬಂದ. ಆಮೇಲೆ ದೇಶವೇ ಸುಟ್ಟುಹೋಯ್ತು. ಅದಕ್ಕೇ ಯಾವ ದೇಶದವರೇ ಆಗಲಿ, ಹೆದರದೆ ಮತ ಹಾಕೋದನ್ನ ಕಲೀಬೇಕು, ದೇಶ ದೇಶ ಕೈಜೋಡಿಸಬೇಕು.’

“ಅಲ್ಲ ಮಾಸ್ತರೇ, ಪರದೆ ಇದ್ದೂ ಹೆದರಿದ್ರಾ?” ಎಂದಳು ಲಕ್ಕಿ.

“ಅದು ಆಗಿನ ಮಾತು ಮಾರಾಯ್ತಿ. ಈಗ ನಮ್ಮಲ್ಲಿ ಹಾಗಿಲ್ಲ. ಮೊದಲು ಈ ಜನರ ಕಾಗದದ ಹೆದರಿಕೆ ಹೋಗ್ಬೇಕು, ಅದಕ್ಕೆಂತ ಮಾಡೂದು ಹೇಳು. ಬರುವ ವಾರ ಸಾಹೇಬರು ಜೀಪಿನಲ್ಲಿ ಬರ್ತಾರೆ. ಅವರೆದುರು ಒಂದು ಅಭ್ಯಾಸದ ಮತದಾನ ಆಗ್ಬೇಕು.”

ಲಕ್ಕಿ ಸೆರಗಿನ ತುದಿ ಬಾಯಿಗಿಟ್ಟು ಯೋಚಿಸಿದಳು. ಊರಮ್ಮನ ಬಲಿ ಎತ್ತುವಾಗ ಮನೆಮನೆಯಿಂದ ಒಂದೊಂದು ಗರಟೆ ಬತ್ತ ತಂದು ಒಂದೇ ಗಡಿಗೆಗೆ ಸುರಿಯುತ್ತಾರಲ್ಲ, ಅದು ನೆನಪಾಯಿತು. “ಕಾಗ್ದ ಎಂತಕ್ಕೆ? ಎರಡು ಗಡಿಗಿ ಇಡಿ, ಮುಂದೆ ಒಂದು ಸೀರೆ ಕಟ್ಟಿ. ಎಲ್ಲರೂ ಮನಿಯಿಂದ ಒಂದು ಗರಟಿ ಬತ್ತ ತಂದು ಬೇಕಾದ ಗಡಿಗಿಗೆ ಹೊಯ್ಲಿ. ದೇವ್ರಿಗೆ ಕೊಟ್ಟಂಗೇ ಆತು, ಯಾರೂ ಹೆದರೂದಿಲ್ಲ.”

ಮಾಸ್ತರು ಕುಣಿಯುವುದೊಂದು ಬಾಕಿ. “ಯಾವ ಶಿಬಿರದಲ್ಲೂ ಇದನ್ನ ಯಾರೂ ಹೇಳಿಲ್ಲ ಲಕ್ಕಿ! ಸಾಹೇಬರು ಬೆರಗಾಗಿ ಹೋಗ್ತಾರೆ!” ಒಂದು ಗಡಿಗೆಗೆ ಮಾವಿನಹಣ್ಣಿನ ಚಿತ್ರ, ಇನ್ನೊಂದಕ್ಕೆ ಹಲಸಿನಹಣ್ಣಿನ ಚಿತ್ರ ಅಂಟಿಸೋಣ ಎಂದರು. ಲಕ್ಕಿ ಸುಮ್ಮನಿರಬೇಕಲ್ಲ! “ಹಣ್ಣಿಗೆಂತ ಮತ ಹಾಕೂದು, ಮಕ್ಕಳಾಟ. ಒಂದು ಒಡೇರದ್ದು ಅನ್ನಿ. ಇನ್ನೊಂದು ನಮ್ಮನಿಯವ್ರದ್ದು ಅನ್ನಿ. ಆಟ ಅಂದ್ರೂ ರುಚಿ ಬೇಡ್ವಾ?”

ಒಡೆಯರು ಎಂದರೆ ಮಹಾಬಲ ಒಡೆಯರು. ಕೇರಿಯ ಗದ್ದೆ, ಒಡ್ಡು, ಜಂತ್ರಡಿ, ಜನ ಕೂತ ಜಾಗ, ಎಲ್ಲ ಅವರದ್ದೇ. ಪಂಚಾಯ್ತಿಗೆ ಅವರೊಬ್ಬರೇ ನಿಂತಿದ್ದರು. ಅವರೆದುರು ನಿಲ್ಲಬಹುದು ಎಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ.

ಆಟದ ದಿನ ಜೀಪು ಬಂತು. ಬಿಸಿಲಿಗೆ ಸೀಗಡಿಯಂತೆ ಕೆಂಪಾದ ಹರ್ಮನ್ ಸಾಹೇಬ ಎಲ್ಲರಿಗೂ ಕೈಮುಗಿದ. ಒಡೆಯರು ಕುರ್ಚಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತ ನಗುತ್ತಿದ್ದರು. ಜನ ಗರಟೆ ಹಿಡಿದು ಸಾಲಾಗಿ ನಿಂತರು. ಸೀರೆಯ ಹಿಂದೆ ಹೋಗುವಾಗ ಗಂಡಸರಿಗೂ ನಗು, ಬರುವಾಗ ಹೆಂಗಸರಿಗೂ ನಗು. ಆಟ ತಾನೇ? ಆಟದಲ್ಲಿ ಯಾರಾದರೂ ಸುಳ್ಳು ಹಾಕುತ್ತಾರಾ? ಕೊನೆಗೆ ಮಾಸ್ತರು ಸೀರೆ ಸರಿಸಿದರೆ ಒಡೆಯರ ಗಡಿಗೆಯ ತಳ ಕಾಣುತ್ತಿತ್ತು. ಶುಕ್ರನ ಗಡಿಗೆ ತುಂಬಿ ಚೆಲ್ಲಿತ್ತು.

ಮೊದಲು ಚಪ್ಪಾಳೆ ತಟ್ಟಿದವರು ಒಡೆಯರೇ. “ಶಾಭಾಸ್! ಖರೇ ಚುನಾವಣೆಗೂ ನಿಲ್ಲಲಿ ಇವ. ಸ್ಪರ್ಧೆ ಇಲ್ಲದ ಚುನಾವಣೆ ಎಂತ ಚುನಾವಣೆ? ಅಲ್ದಾ ಸಾಹೇಬ್ರೇ?” ಮಾಸ್ತರು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಹರ್ಮನ್ನನ ಕಣ್ಣಲ್ಲಿ ನೀರೇ ಬಂತು. ಆವತ್ತೇ ಮಾಸ್ತರು ಶುಕ್ರನನ್ನು ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿದರು. ಹೊರಡುವಾಗ ಒಡೆಯರು ಮೆತ್ತಗೆ ಹೇಳಿದರು: “ಆ ಬತ್ತದ ಗಡಿಗೆ ನಮ್ಮನೆಗೆ ಕಳ್ಸಿ. ದೇವರ ಮುಂದೆ ಇಡ್ತೆ.”

ಮರುದಿನ ಬೆಳಿಗ್ಗೆ ಲಕ್ಕಿ ಒಡೆಯರ ಅಂಗಳ ಸಾರಿಸಲು ಹೋದಳು. ಒಡೆಯರು ಜಗಲಿಯಲ್ಲಿ ಮೊರದಂಥ ದೊಡ್ಡ ಗೆರಸಿ ಮುಂದಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಶುಕ್ರನ ಗಡಿಗೆ ಅರ್ಧ ಬರಿದಾಗಿತ್ತು. ಗೆರಸಿಯ ತುಂಬ ಬತ್ತದ ಸಣ್ಣಸಣ್ಣ ಗುಪ್ಪೆಗಳು.

“ಬಾ ಲಕ್ಕಿ. ನೋಡು, ಚೆಂದ ಇದ್ದು.” ಒಂದು ಗುಪ್ಪೆಯನ್ನು ಬೆರಳಲ್ಲಿ ಉಜ್ಜಿದರು. “ಕಪ್ಪು ಸಿಪ್ಪೆ, ಉದ್ದ ಮೀಸೆ. ಒಡ್ಡಿನ ಬುಡದ ಕಗ್ಗ ಬತ್ತ ಇದು, ಜಟ್ಟಿಯ ಗದ್ದೆದು. ಈ ಗುಪ್ಪೆಗೆ ಹೊಯಿಗೆಮಣ್ಣು ಹತ್ತಿದ್ದು. ಸಣ್ಣನ ಮನೆದು. ಒಣಗಿಸೂಕೆ ಚಾಪೆ ಹಾಸು ಅಂದ್ರೆ ಆ ಸೋಮಾರಿ ಎಂದಾದ್ರೂ ಕೇಳಿದ್ನಾ?” ಇನ್ನೊಂದು ಗುಪ್ಪೆಯನ್ನು ಮೂಗಿಗೆ ಹಿಡಿದರು. “ಹೊಗೆ ವಾಸನೆ. ಬಂಗಾರಿಯ ಅಟ್ಟದ್ದು.”

ಲಕ್ಕಿಯ ಕೈಯ ಹಿಡಿಸೂಡಿ ಕೆಳಗೆ ಬಿತ್ತು. ಅಯ್ಯೋ, ನನ್ನ ಬಾಯಿಗೆ ಬೆಂಕಿ ಬೀಳ! ಪ್ರತಿ ಮನೆಗೂ ಅದರದೇ ಬೀಜ, ಅದರದೇ ಗದ್ದೆ, ಅದರದೇ ಅಟ್ಟ. ಪ್ರತಿ ಸುಗ್ಗಿಗೂ ಗೇಣಿಯ ಬುಟ್ಟಿಗಳಿಗೆ ಈ ಒಡೆಯರು ಕೈಹಾಕಿ ನೋಡಿ ಒಳಗೆ ಹಾಕಿಸಿಕೊಂಡವರು. ಸೀರೆ ಕಟ್ಟಿದ್ದಾಯಿತು, ಗಡಿಗೆ ಇಟ್ಟಿದ್ದಾಯಿತು. ಪ್ರತಿಯೊಬ್ಬನ ಕೈಯಲ್ಲೂ ಅವನ ಹೆಸರನ್ನೇ ತರಿಸಿದಂತಾಯಿತಲ್ಲ! ಇದು ಮಾಸ್ತರಿಗೆ ಹೊಳೆಯದಿದ್ದರೆ ಹೋಗಲಿ, ಅವರು ಅಂಗಡಿಯ ಅಕ್ಕಿ ತಿನ್ನುವವರು. ಬಿತ್ತಿ, ಕೊಯ್ದು, ಬಡಿದು ತಿಂದ ತನಗೆ ಹೊಳೆಯಲಿಲ್ಲವಲ್ಲ!

“ಆಟ ಅಲ್ದಾ ಒಡ್ಯಾ...” ಎಂದಳು.

“ಆಟವೇ ಮತ್ತೆ. ನಂಗೆಂತ ಸಿಟ್ಟಿಲ್ಲೆ. ಇವರನ್ನೆಲ್ಲ ಬಿಡಿಸಿದ್ರೆ ನನ್ನ ಗದ್ದೆ ಮಾಡೂದು ಯಾರು? ಈ ಗೆರಸಿ ಇಲ್ಲೇ ಜಗಲಿ ಮೇಲೆ ಇರ್ತು. ಬಂದವರು ಬಂದಾಂಗೆ ತಮ್ಮ ಬತ್ತ ತಾವು ನೋಡ್ಲಿ, ಅಷ್ಟೇ.” ಬಾಯಿಯ ರಸ ಉಗಿದು ಬಂದರು. “ನಿನ್ನ ಗಂಡ ಹೆಸರು ವಾಪಸ್ ತೆಗೂದು ಬೇಡ. ಸಾಹೇಬ್ರು ಫೋಟೊ ತೆಗೂಕೆ ಬತ್ರು, ಅವರ ಮನಸ್ಸು ನೋಯಿಸೂದು ಎಂತಕ್ಕೆ? ಆದ್ರೆ ಅವನ ಹೆಸರಿಗೆ ಒಂದೇ ಒಂದು ಮತ ಬಿದ್ರೂ ಅದು ನಿಮ್ಮನೆದು ಅಂತ ನಾ ತಿಳ್ಕಂಬೂದು. ಗದ್ದೆ, ಜಂತ್ರಡಿ, ಕೂತ ಜಾಗ, ಎಲ್ಲ ಬಿಟ್ಟು ಹೋಪುದು. ಈ ಮಾತು ಕೇರಿಯಲ್ಲಿ ಯಾರ ಕಿವಿಗಾದ್ರೂ ಬಿದ್ರೆ ಚುನಾವಣೆ ತನಕನೂ ಕಾಯೂದಿಲ್ಲೆ. ಆತಾ?”

“ಆತು ಒಡ್ಯಾ.”

ಮನೆಗೆ ಬಂದು ಗಂಡನಿಗೆ ಹೇಳಿದಳು. ಭರತದ ನೀರಿಗೆ ಹಾರಿ ಹಲಗೆ ಕೂರಿಸುವ ಗಂಡಸು ಬಾಗಿಲ ಮೆಟ್ಟಿಲಲ್ಲಿ ಕುಸಿದು ಕೂತ. ಆಮೇಲೆ ಎದ್ದು ಒಡ್ಡಿನ ಕಡೆ ಹೋದ. ಲಕ್ಕಿ ತಡೆಯಲಾರದೆ ಮಾಸ್ತರಿಗೊಬ್ಬರಿಗೆ, ಬಾವಿಕಟ್ಟೆಯ ಹತ್ತಿರ, ಹೇಳಿದಳು. ಅವರ ಮುಖ ಸುಣ್ಣದಂತಾಯಿತು. ಹೇಳಿದರು: “ನಾನು ಮೂರ್ಖ, ಲಕ್ಕಿ. ಆದರೆ ನಿಜದ ಮತ ಕಾಗದದ್ದು. ಎಲ್ಲ ಚೀಟಿಯೂ ಒಂದೇ ನಮೂನೆ. ಯಾರು ಯಾರಿಗೆ ಹಾಕಿದ್ರು ಅಂತ ಆ ಬ್ರಹ್ಮನಿಗೂ ಗೊತ್ತಾಗೂದಿಲ್ಲ.”

“ಗೊತ್ತಾಗ್ದೇ ಇದ್ರೇ ನಮ್ಗೆ ಸಾವು ಮಾಸ್ತರೇ,” ಎಂದಳು ಲಕ್ಕಿ. “ಯಾರು ಹಾಕಿದ್ರೂ ನಮ್ಮ ತಲಿ ಮೇಲೇ.”

ಅಲ್ಲಿಂದ ಕೇರಿಯ ಗಾಳಿಯೇ ಬೇರೆಯಾಯಿತು. ಒಡೆಯರ ಜಗಲಿಗೆ ಹೋಗಿ ಬಂದವರು ಲಕ್ಕಿಯ ಮನೆಯ ಮುಂದೆ ತಲೆ ತಗ್ಗಿಸಿ ಹಾಯುತ್ತಿದ್ದರು. ಜಟ್ಟಿ ಉಪ್ಪು ಕೇಳಲು ಬರುವುದು ಬಿಟ್ಟ. ಬಂಗಾರಿ ಬಾವಿಕಟ್ಟೆಯಲ್ಲಿ ಲಕ್ಕಿಯನ್ನು ಕಂಡರೆ ಖಾಲಿ ಕೊಡ ಹೊತ್ತು ತಿರುಗಿ ಹೋಗುತ್ತಿದ್ದಳು. ಲಕ್ಕಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನೆಮ್ಮದಿ. ಹೆದರಿ, ಇನ್ನೂ ಹೆದರಿ, ಒಬ್ಬರೂ ನಮಗೆ ಹಾಕಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಹೀಗೆ ಬೇಡಿಕೊಳ್ಳುವ ದಿನ ಬಂತಲ್ಲ ಎಂದು ಒಲೆಯ ಮುಂದೆ ಕೂತು ಅಳುತ್ತಿದ್ದಳು. ಸರಿಯಾಗಿ ಮಾತಾಡಿಸುತ್ತಿದ್ದವಳು ನೆರೆಮನೆಯ ಮುದುಕಿ ನಾಗಮ್ಮ ಒಬ್ಬಳೇ. ಒಂಟಿ ಜೀವ, ಅಂಗೈಯಗಲದ ಗದ್ದೆ. ಒಂದು ಮಳೆಗಾಲದಲ್ಲಿ ಒಡ್ಡು ಬಿರಿದಾಗ ಅವಳನ್ನು ಹೆಗಲ ಮೇಲೆ ಹೊತ್ತು ತಂದವನು ಶುಕ್ರ. ಅವಳಿಗೆ ಕಣ್ಣು ಮಂಜು, ಕಿವಿ ಮಂದ, ಒಡೆಯರ ಜಗಲಿಯ ತನಕ ನಡೆಯುವ ಶಕ್ತಿಯೂ ಇಲ್ಲ. ಗೆರಸಿಯನ್ನು ಅವಳು ನೋಡಿರಲೇ ಇಲ್ಲ.

ಚುನಾವಣೆಯ ದಿನ ಬೆಳಿಗ್ಗೆ ನಾಗಮ್ಮ ಕೋಲೂರಿಕೊಂಡು ಶಾಲೆಗೆ ಬಂದು, ಸಾಲಿನಲ್ಲಿ ಲಕ್ಕಿಯ ಕೈ ಹಿಡಿದು ಅದುಮಿದಳು. “ಹೆದರಬೇಡ್ವೇ ಮಗಾ. ಒಳ್ಳೇದಾಗ್ತದೆ.” ಲಕ್ಕಿಗೆ ಏನೋ ಚುಚ್ಚಿದಂತಾಯಿತು. ಬಾಯಿ ತೆರೆದಳು. ಎದುರಿನ ಮಾವಿನ ಮರದ ಬುಡದಲ್ಲಿ ಒಡೆಯರು ಕುರ್ಚಿ ಹಾಕಿಸಿಕೊಂಡು ಕೂತು ಇತ್ತಲೇ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡಳು.

ಪರದೆಯ ಹಿಂದೆ ಲಕ್ಕಿ ಚೀಟಿ ಬಿಡಿಸಿದಳು. ಗಂಡನ ಗುರುತು ಲಾಟೀನು, ಒಡೆಯರದ್ದು ತೆಂಗಿನಮರ. ಲಾಟೀನಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಮುದ್ರೆಯನ್ನು ತೆಂಗಿನಮರಕ್ಕೆ ಒತ್ತಿದಳು.

ಸಂಜೆಗೆ ಎಣಿಕೆ ಮುಗಿಯಿತು. ಒಡೆಯರು ಗೆದ್ದರು, ಅದು ಹೇಳಬೇಕಾದ ಸುದ್ದಿಯೇ ಅಲ್ಲ. ಅಧಿಕಾರಿ ಹೊರಗೆ ಬಂದು ಎರಡನೇ ಹೆಸರು ಓದಿದ: “ಶುಕ್ರ, ಒಂದು ಮತ.”

ಒಂದು. ಲಕ್ಕಿ ಗಂಡನ ಕಡೆ ತಿರುಗಿದಳು. ಅವನು ಮೊದಲೇ ಅವಳನ್ನು ನೋಡುತ್ತಿದ್ದ. ಆ ನೋಟದಲ್ಲೇ ಅವಳಿಗೆ ತಿಳಿಯಿತು, ಅವನೂ ತೆಂಗಿನಮರಕ್ಕೇ ಒತ್ತಿದ್ದಾನೆ. ಈ ಒಂದು ಮತ ತನ್ನ ಹೆಂಡತಿಯದೇ ಎಂದುಕೊಂಡಿದ್ದಾನೆ. ಅಲ್ಲ ಎಂದು ಹೇಳಲು ಹೊರಟಳು. ಅಷ್ಟರಲ್ಲಿ ಹಿಂದಿನಿಂದ ಒಂದು ಒಣ ಕೈ ಅವಳ ತೋಳು ಹಿಡಿಯಿತು. ನಾಗಮ್ಮ. ಹಲ್ಲಿಲ್ಲದ ಬಾಯಿ ತುಂಬ ನಗು. ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: “ನಂದೇ ಅದು. ಒಂದಾದ್ರೂ ಬೀಳ್ಲಿ ಅಂದೆ. ನನ್ ಹೊತ್ತು ತಂದ ಮಗ ಅವ.”

ಹರ್ಮನ್ ಸಾಹೇಬ ಓಡಿ ಬಂದು ಶುಕ್ರನ ಕೈ ಕುಲುಕಿದ. ಸೋತರೂ ಪರವಾಗಿಲ್ಲ, ಸ್ಪರ್ಧೆ ನಡೆಯಿತು, ಒಬ್ಬರೂ ತಪ್ಪಿಸದೆ ಬಂದು ಮತ ಹಾಕಿದರು, ನಿಮ್ಮ ಕೇರಿಯ ಸುದ್ದಿ ನಮ್ಮ ದೇಶದಲ್ಲೆಲ್ಲ ಹೇಳುತ್ತೇನೆ ಎಂದ. ಮಾಸ್ತರು ಅದನ್ನು ಕನ್ನಡಕ್ಕೆ ಹೇಳಲಿಲ್ಲ. ಗೋಡೆಗೆ ಮುಖ ಮಾಡಿ ನಿಂತಿದ್ದರು.

ಒಡೆಯರು ಮೆಲ್ಲಗೆ ನಡೆದು ಬಂದರು. ಕೊರಳಲ್ಲಿ ಹೂವಿನ ಹಾರ. “ಒಂದು ಬಿತ್ತಲ್ಲೇ ಲಕ್ಕಿ. ಪಾಪ, ನಿಮ್ಮದಲ್ಲದೇ ಇದ್ದಿಕ್ಕು. ಯಾರದ್ದು ಅಂತ ಹೇಳ್ಬುಡು. ಅವರು ಹೋಗ್ತ್ರು, ನೀವು ಉಳೀತ್ರಿ.” ಹೇಳುತ್ತ ಹೇಳುತ್ತ ಅವರ ಕಣ್ಣು ಲಕ್ಕಿಯ ತೋಳು ಹಿಡಿದ ಮುದುಕಿಯ ಮೇಲೆ ಹರಿದಾಡಿತು.

ಕಿವಿ ಮಂದವಾದ ನಾಗಮ್ಮ ಒಡೆಯರಿಗೂ ನಗುತ್ತ ಕೈಮುಗಿದಳು.

ಒಂದು ಮಾತು ಸಾಕಿತ್ತು. ಗದ್ದೆ ಉಳಿಯುತ್ತಿತ್ತು, ಗುಡಿಸಲು ಉಳಿಯುತ್ತಿತ್ತು, ಗಂಡನ ಕಣ್ಣಿನ ಆ ನೋಟ ಅಳಿಸಿಹೋಗುತ್ತಿತ್ತು. ಇನ್ನೆಷ್ಟು ಮಳೆಗಾಲ ಕಂಡಾಳು ಈ ಮುದುಕಿ? ಲಕ್ಕಿಗೆ ಆ ಯೋಚನೆ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

“ನಂದೇ ಒಡ್ಯಾ,” ಎಂದಳು. “ನನ್ ಗಂಡನಿಗೆ ನಾ ಹಾಕ್ದೆ.”

ಒಡೆಯರು ತಲೆಯಾಡಿಸಿ ಹೋದರು. ಶುಕ್ರ ಒಡ್ಡಿನ ತನಕ ನಡೆದು, ಭರತ ಏರುವ ಹೊತ್ತಾಗಿತ್ತಾದ್ದರಿಂದ ಜಂತ್ರಡಿಯ ಹಲಗೆಗಳನ್ನು ಒಂದೊಂದಾಗಿ ಸರಿಯಾಗಿ ಕೂರಿಸಿದ. ಆಮೇಲೆ ಮನೆಗೆ ಬಂದು ಕತ್ತಿ, ಹಾರೆ, ಗಡಿಗೆ, ಚಾಪೆ ಎಲ್ಲ ಕಟ್ಟಿದ. ಲಕ್ಕಿ ಗಂಟು ಹೊತ್ತು ಹಿಂದೆ ಹೊರಟಳು. ಕುಮಟೆಯ ರಸ್ತೆ ಸೇರುವವರೆಗೂ, ಸೇರಿದ ಮೇಲೂ, ಅವನು ಒಮ್ಮೆಯೂ ಹಿಂತಿರುಗಿ ಅವಳ ಮುಖ ನೋಡಲಿಲ್ಲ. ಆ ಮತ ತನ್ನದಲ್ಲ ಎಂದು ಅವಳು ಹೇಳಲೂ ಇಲ್ಲ.